ಹುಡುಕಿದರೆ ಸಿಗಬೇಕು ನಮ್ಮ ಕನ್ನಡ: ಗ್ರಂಥಾಲಯದ ಕಾರ್ಡಿನಿಂದ ಚಾಟ್‌ಬಾಟ್‌ವರೆಗೆ

ಎಲೆಮರೆಯ ಕಾಯಿ ಎಂಬ ಮಾತನ್ನು ನಾವು ಹೊಗಳಿಕೆಗೆ ಬಳಸುತ್ತೇವೆ. ಸನ್ಮಾನ ಸಮಾರಂಭಗಳಲ್ಲಿ ಹಿರಿಯ ಅಧ್ಯಾಪಕರ ಬಗ್ಗೆಯೋ ಯಕ್ಷಗಾನದ ಭಾಗವತರ ಬಗ್ಗೆಯೋ ಮಾತಾಡುವಾಗ ಅದು ಬಂದೇ ಬರುತ್ತದೆ. ಆದರೆ ಈಗ ಎಲೆಮರೆಯಲ್ಲೇ ಉಳಿದ ಕಾಯಿ ಯಾರ ಕಣ್ಣಿಗೂ ಬೀಳದೆ ಉದುರಿಹೋಗುವ ಕಾಲ. ಊರಿಗೆ ಹೊಸದಾಗಿ ಬಂದ ಹೆತ್ತವರು ಹತ್ತಿರದಲ್ಲಿ ಕನ್ನಡ ಮಾಧ್ಯಮ ಶಾಲೆ ಇದೆಯೇ ಎಂದು ಮೊದಲು ಕೇಳುವುದು ಕೈಯಲ್ಲಿರುವ ಫೋನನ್ನು. ನೆರೆಮನೆಯವರನ್ನು ಕೇಳುವುದು ಆಮೇಲೆ. ಮಕ್ಕಳು ತಮ್ಮ ಊರಿನ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಾದರೆ ಚಾಟ್‌ಬಾಟನ್ನು ಕೇಳುತ್ತಾರೆ. ಅಲ್ಲಿ ಬರುವ ಉತ್ತರದಲ್ಲಿ ನಮ್ಮ ಶಾಲೆ, ನಮ್ಮ ಊರು ಇಲ್ಲವಾದರೆ ಕೇಳಿದವರ ಪಾಲಿಗೆ ಅವು ಇಲ್ಲವೇ ಇಲ್ಲ. ಮಕ್ಕಳ ಸಂಖ್ಯೆ ಇಳಿದು ಡಿವಿಜನ್ ಉಳಿಸಿಕೊಳ್ಳುವುದೇ ಕಷ್ಟವಾಗಿರುವ ಗಡಿನಾಡಿನ ಕನ್ನಡ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ.

ಜಾಲತಾಣದ ಬರಹವನ್ನು ಶೋಧಯಂತ್ರಗಳ, ಅಂದರೆ ಸರ್ಚ್ ಇಂಜಿನ್‌ಗಳ ಕಣ್ಣಿಗೆ ಬೀಳುವಂತೆ ಸಿದ್ಧಪಡಿಸುವ ಕೆಲಸಕ್ಕೆ ಎಸ್‌ಇಒ ಎಂದು ಹೆಸರು. ಇದನ್ನು ಹಣಕ್ಕೆ ಮಾಡಿಕೊಡುವವರಿದ್ದಾರೆ, ಕಲಿಸುವವರೂ ಇದ್ದಾರೆ. ಆದರೆ ಅದರ ಚರಿತ್ರೆಯನ್ನು ಒಮ್ಮೆ ಓದಿದರೆ ಯಾವುದು ಬೇಗ ಹಳತಾಗುವ ಉಪಾಯ, ಯಾವುದು ಬಾಳುವ ಕೆಲಸ ಎಂಬುದು ನಮಗೇ ಗೊತ್ತಾಗುತ್ತದೆ. ಆ ಚರಿತ್ರೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮಂಗಳೂರಿನ ಗಣಿತದ ಮೇಷ್ಟ್ರು

ಯಂತ್ರ ಬರುವ ಮೊದಲೂ ಹುಡುಕಾಟ ಇತ್ತು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತ ಕಲಿಸಲು ಒಬ್ಬ ತರುಣ ಅಧ್ಯಾಪಕರು ಬಂದರು. ಅವರೇ ಎಸ್. ಆರ್. ರಂಗನಾಥನ್. ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಹೊಸ ಪದ್ಧತಿಯನ್ನು ಕೊಟ್ಟರು. ಪುಸ್ತಕ ಕಪಾಟಿನಲ್ಲಿ ಭದ್ರವಾಗಿದ್ದರೆ ಸಾಲದು, ಅದು ತನ್ನ ಓದುಗನ ಕೈ ಸೇರಬೇಕು, ಓದುಗನ ಹೊತ್ತೂ ಹಾಳಾಗಬಾರದು ಎಂಬುದು ಅವರ ಚಿಂತನೆಯ ಸಾರ. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಶ್ರಮವಿತ್ತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದರಾಸಿಗೇ ಸೇರಿತ್ತು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಅವರು 1972ರಲ್ಲಿ ತೀರಿಕೊಂಡರು.

ಗ್ರಂಥಾಲಯದ ಕಾರ್ಡಿನಲ್ಲಿ ಏನಿರುತ್ತಿತ್ತು? ಲೇಖಕರ ಹೆಸರು, ಪುಸ್ತಕದ ಹೆಸರು, ವಿಷಯ, ವರ್ಷ, ಕಪಾಟಿನ ಸಂಖ್ಯೆ. ಒಬ್ಬ ಲೇಖಕರಿಗೆ ಎರಡು ಹೆಸರಿದ್ದರೆ ಎರಡು ಕಾರ್ಡು, ಒಂದರಿಂದ ಇನ್ನೊಂದಕ್ಕೆ 'ಇದನ್ನೂ ನೋಡಿ' ಎಂಬ ಸೂಚನೆ. ಮುಂದೆ ಬಂದ ಯಂತ್ರಗಳೆಲ್ಲ ಸುತ್ತಿ ಬಳಸಿ ಮುಟ್ಟಿದ್ದು ಇದೇ ಜಾಗವನ್ನು.

ಪಟ್ಟಿಯಿಂದ ಪದಸೂಚಿಗೆ

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಅಲನ್ ಎಮ್‌ಟೇಜ್ 'ಆರ್ಚಿ' ಎಂಬ ಶೋಧಯಂತ್ರ ಮಾಡಿದರು. ಬೇರೆ ಬೇರೆ ಕಂಪ್ಯೂಟರುಗಳಲ್ಲಿದ್ದ ಕಡತಗಳ ಹೆಸರನ್ನಷ್ಟೇ ಅದು ಹುಡುಕುತ್ತಿತ್ತು; ಕಡತದ ಒಳಗೆ ಏನಿದೆ ಎಂದು ನೋಡುತ್ತಿರಲಿಲ್ಲ. ಟಿಮ್ ಬರ್ನರ್ಸ್-ಲೀ ಅವರ ಮೊದಲ ಜಾಲತಾಣ 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಾಗ ಹೊಸ ತಾಣಗಳ ಪಟ್ಟಿಯನ್ನು ಅವರು ಕೈಯಾರೆ ಬರೆದಿಡುತ್ತಿದ್ದರು. 1994ರಲ್ಲಿ ಸ್ಟ್ಯಾನ್‌ಫರ್ಡಿನ ಜೆರ್ರಿ ಯಾಂಗ್, ಡೇವಿಡ್ ಫಿಲೋ ಎಂಬ ವಿದ್ಯಾರ್ಥಿಗಳು ಯಾಹೂ ಆರಂಭಿಸಿದ್ದೂ ವಿಷಯವಾರು ಪಟ್ಟಿಯಾಗಿಯೇ. ಅಲ್ಲಿ ಮನುಷ್ಯರೇ ಓದಿ, ಮನುಷ್ಯರೇ ವಿಂಗಡಿಸುತ್ತಿದ್ದರು. ಆ ಪಟ್ಟಿ 2014ರ ಕೊನೆಗೆ ಮುಚ್ಚಿತು.

ಅದೇ 1994ರಲ್ಲಿ ಬಂದ ವೆಬ್‌ಕ್ರಾಲರ್ ಪುಟದ ಒಳಗಿನ ಪ್ರತಿ ಪದವನ್ನೂ ಹುಡುಕಿಕೊಡುವ ದಾರಿ ತೋರಿಸಿತು. 1995ರ ಡಿಸೆಂಬರಿನಲ್ಲಿ ಬಂದ ಆಲ್ಟಾವಿಸ್ಟಾ ಆ ದಾರಿಯಲ್ಲಿ ಬಹಳ ಮುಂದೆ ಹೋಯಿತು. ಇದರ ಗುಟ್ಟನ್ನು ಮಕ್ಕಳಿಗೆ ತಿಳಿಸುವುದು ಸುಲಭ. ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲವೇ? ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಶೋಧಯಂತ್ರ ಇಡೀ ಅಂತರ್ಜಾಲಕ್ಕೆ ಅಂಥದ್ದೊಂದು ಪದಸೂಚಿಯನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ನಾವು ಕೇಳಿದಾಗ ಅದು ತಿರುವಿ ಹಾಕುವುದು ಆ ಸೂಚಿಯನ್ನು. ಹಾಗಾಗಿ ಸೂಚಿಗೆ ಸೇರದ ಪುಟ ಎಷ್ಟು ಚೆನ್ನಾಗಿದ್ದರೂ ಸಿಗುವುದಿಲ್ಲ.

ಉಪಾಯಗಳು ಬಂದವು, ಹೋದವು

ಯಂತ್ರ ಪದಗಳನ್ನು ಎಣಿಸುತ್ತದೆ ಎಂದು ತಿಳಿದ ಕೂಡಲೇ ಕೆಲವರು ಪದಗಳನ್ನು ತುರುಕತೊಡಗಿದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದಿಡುವುದು, ಪುಟದ ಹಿಂದೆ ಕಾಣದಂತೆ ಇರುವ 'ಕೀವರ್ಡ್ಸ್' ಜಾಗದಲ್ಲಿ ಸಂಬಂಧವಿಲ್ಲದ ಪದಗಳನ್ನು ತುಂಬುವುದು ಹೀಗೆ. ಉತ್ತರ ಗೊತ್ತಿಲ್ಲದ ಹುಡುಗ ಪ್ರಶ್ನೆಯನ್ನೇ ನಾಲ್ಕು ಸಲ ಬರೆದು ಪುಟ ತುಂಬಿಸಿದ ಹಾಗೆ! ಕೀವರ್ಡ್ಸ್ ಜಾಗವನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿಯೇ ಹೇಳಿತು.

1998ರಲ್ಲಿ ಕಂಪನಿಯಾದ ಗೂಗಲ್‌ನ ಹೊಸತನ ಇದ್ದದ್ದು ಕೊಂಡಿಗಳಲ್ಲಿ. ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಕೊಟ್ಟವು ಎಂಥವು ಎಂಬುದರಿಂದ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಪುಟದ ತೂಕ ಅಳೆದರು. ಊರಿನ ನಾಲ್ಕು ಹಿರಿಯರು ಹೆಸರಿಸುವ ವೈದ್ಯರಲ್ಲಿಗೆ ಜನ ಹೋಗುವ ಕ್ರಮವೇ ಇದು. ಆಗ ಕೊಂಡಿಗಳ ವ್ಯಾಪಾರ ಶುರುವಾಯಿತು. ಹಣ ಕೊಟ್ಟರೆ ಸಾವಿರ ಕೊಂಡಿ. ಗೂಗಲ್ 2011ರಲ್ಲಿ 'ಪಾಂಡಾ' ಎಂಬ ಬದಲಾವಣೆ ತಂದು ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಿತು. 2012ರಲ್ಲಿ 'ಪೆಂಗ್ವಿನ್' ತಂದು ಕೊಂಡಿಗಳ ಮೋಸವನ್ನು ಹಿಡಿಯಿತು. ಉಪಾಯವನ್ನೇ ನಂಬಿದ್ದ ತಾಣಗಳು ರಾತ್ರಿ ಬೆಳಗಾಗುವುದರೊಳಗೆ ಬಿದ್ದವು. 2019ರಲ್ಲಿ 'ಬರ್ಟ್' ಎಂಬ ಭಾಷಾ ಮಾದರಿಯನ್ನು ಶೋಧಕ್ಕೆ ಅಳವಡಿಸಿದ ಮೇಲೆ ಯಂತ್ರ ಬಿಡಿ ಪದಗಳ ಜೊತೆಗೆ ವಾಕ್ಯದ ಅರ್ಥದ ಕಡೆಗೂ ಗಮನ ಕೊಡತೊಡಗಿತು.

ಇಷ್ಟೆಲ್ಲ ಆಗುವಾಗ ಅಲುಗಾಡದೆ ನಿಂತ ಪುಟಗಳು ಯಾವುವು? ಯಾರು, ಎಲ್ಲಿ, ಯಾವಾಗ, ಏನು ಎಂಬುದನ್ನು ನೇರವಾಗಿ ಬರೆದ ಪುಟಗಳು.

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ

ಈಗ ಕನ್ನಡದ ಕಥೆಗೆ ಬರೋಣ. ಇಂಗ್ಲಿಷಿನವರು ಮೇಲಿನ ಸ್ಪರ್ಧೆಯಲ್ಲಿ ಓಡುತ್ತಿದ್ದಾಗ ನಾವಿನ್ನೂ ಅಕ್ಷರದ ತೊಡಕಿನಲ್ಲೇ ಇದ್ದೆವು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ದುಡಿದವರು ಹಲವರು. ಇಂದು ಬಳಕೆಯಲ್ಲಿರುವ ಕೀಲಿಮಣೆಯ ವಿನ್ಯಾಸ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೊಡುಗೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕರ್ನಾಟಕ ಸರಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಇವುಗಳಿಂದಾಗಿ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ, ಕರೆಯೋಲೆ, ಸ್ಮರಣ ಸಂಚಿಕೆ ಎಲ್ಲವೂ ಕನ್ನಡದಲ್ಲಿ ಅಚ್ಚಾದವು. ಆ ಉಪಕಾರ ದೊಡ್ಡದು.

ಆದರೆ ಆ ಕಾಲದ ಫಾಂಟುಗಳ ಒಳಗೊಂದು ಸಂಗತಿ ಅಡಗಿತ್ತು. ತೆರೆಯ ಮೇಲೆ 'ಕ' ಎಂದು ಕಾಣುವಲ್ಲಿ ಕಂಪ್ಯೂಟರಿನ ಒಳಗೆ ಇರುತ್ತಿದ್ದದ್ದು ಇಂಗ್ಲಿಷಿನ 'ಪಿ' ಮತ್ತು ಅದರ ಬೆನ್ನಿಗೊಂದು ಚಿಹ್ನೆ. ಫಾಂಟ್ ಎಂಬ ಕನ್ನಡಕ ಹಾಕಿದರೆ ಮಾತ್ರ ಅದು ಕನ್ನಡ. ಶೋಧಯಂತ್ರಕ್ಕೆ ಆ ಕನ್ನಡಕ ಇಲ್ಲ. ಅದು ಆ ಪುಟವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಎಂದು ಓದಿತು. ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತು. ಆದರೆ ಅದು ಜನರ ಕೈಗೆ ಎಟುಕಿದ್ದು ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಫಾಂಟನ್ನು ಜೊತೆಗೆ ತಂದ ಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ 'ಸಂಪದ' ಆರಂಭವಾದವು. ಹುಡುಕಿದರೆ ಸಿಗುವ ಕನ್ನಡ ಹೆಚ್ಚತೊಡಗಿದ್ದು ಆ ಹೊತ್ತಿನಲ್ಲಿ.

ಈ ಹಳೆಯ ಕಥೆ ಇಂದಿಗೂ ಮುಗಿದಿಲ್ಲ. ನಮ್ಮ ಶಾಲೆಗಳ ಸುವರ್ಣ ಮಹೋತ್ಸವ, ಶತಮಾನೋತ್ಸವಗಳ ಸ್ಮರಣ ಸಂಚಿಕೆಗಳು ಬಹುಪಾಲು ಹಳೆಯ ಫಾಂಟಿನಲ್ಲಿವೆ, ಇಲ್ಲವೇ ಪುಟದ ಫೋಟೋ ತೆಗೆದ ಪಿಡಿಎಫ್ ಆಗಿವೆ. ಶಾಲೆಗೆ ಜಾಗ ಕೊಟ್ಟವರು ಯಾರು, ಮೊದಲ ಮುಖ್ಯೋಪಾಧ್ಯಾಯರು ಯಾರು, ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂದದ್ದು ಯಾವಾಗ ಎಂಬುದೆಲ್ಲ ಅವುಗಳಲ್ಲಿದೆ. ಅಂತರ್ಜಾಲದಲ್ಲಿ ಇದ್ದೂ ಇಲ್ಲದಂತೆ ಇದೆ.

ಕನ್ನಡದ ಪದಗಳಿಗೆ ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುವುದೂ ಯಂತ್ರಕ್ಕೊಂದು ಪರೀಕ್ಷೆ. ಶಾಲೆ, ಶಾಲೆಯಲ್ಲಿ, ಶಾಲೆಗೆ, ಶಾಲೆಗಳಿಂದಲೂ ಎಂಬಿವು ಒಂದೇ ಪದದ ರೂಪಗಳೆಂದು ನಮ್ಮ ಮೂರನೆಯ ತರಗತಿಯ ಮಗುವಿಗೆ ಗೊತ್ತು. ಅಕ್ಷರ ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ಅವು ನಾಲ್ಕು ಬೇರೆ ಪದಗಳು. ಇತ್ತೀಚಿನ ಯಂತ್ರಗಳು ಇದನ್ನು ಸಾಕಷ್ಟು ಕಲಿತಿವೆ. ಆದರೂ ಪುಟದ ತಲೆಬರಹದಲ್ಲಿ ಊರಿನ, ಶಾಲೆಯ ಹೆಸರು ಪ್ರತ್ಯಯವಿಲ್ಲದೆ ಒಮ್ಮೆಯಾದರೂ ಇರುವುದು ಕ್ಷೇಮ.

ಒಂದೂರು, ಹಲವು ಹೆಸರು

ಗಡಿನಾಡಿನ ಬರಹಕ್ಕೆ ಇನ್ನೊಂದು ವಿಶೇಷ ತೊಡಕಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಊರುಗಳು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಹೀಗೆ ಮೂರು ಬಗೆಯಲ್ಲಿ ಬರೆಯಲ್ಪಡುತ್ತಿವೆ. ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಕಾಸರಗೋಡನ್ನು ಮಲಯಾಳದಲ್ಲೇ ಎರಡು ಮೂರು ರೀತಿ ಬರೆಯುತ್ತಾರೆ. 2021ರ ಜೂನ್‌ನಲ್ಲಿ ಇಲ್ಲಿನ ಕನ್ನಡ ಮತ್ತು ತುಳು ಊರಹೆಸರುಗಳನ್ನು ಬದಲಾಯಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ ಎರಡು ರಾಜ್ಯಗಳ ನಡುವೆ ಪತ್ರವ್ಯವಹಾರ ನಡೆಯಿತು. ಅಂಥ ಯೋಚನೆ ಇಲ್ಲವೆಂದು ಕೇರಳ ಸರಕಾರ ಹೇಳಿತು. ಸರಕಾರದ ಆದೇಶದ ಮಾತು ಹಾಗಿರಲಿ. ಹೆಚ್ಚು ಪುಟಗಳಲ್ಲಿ ಕಂಡ ರೂಪವನ್ನೇ ಯಂತ್ರ ಊರಿನ ಹೆಸರೆಂದು ತಿಳಿಯುತ್ತದೆ. ಯಾವ ಆದೇಶವೂ ಇಲ್ಲದೆ ಹೆಸರು ಸವೆದುಹೋಗುವ ದಾರಿ ಇದು.

ಹೊಸದುರ್ಗದ ಉದಾಹರಣೆ ನೋಡಿ. ಹೊಸದುರ್ಗ ಎಂದು ಕನ್ನಡದಲ್ಲಿ ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ತಾಲೂಕೂ ಅದೇ ಹೆಸರಿನದು. ನಮ್ಮ ಜಿಲ್ಲೆಯ ಹೊಸದುರ್ಗ ತಾಲೂಕಿನ ಮುಖ್ಯ ಪಟ್ಟಣವನ್ನು ಹೊರಗಿನವರು ಬಲ್ಲದ್ದು ಕಾಞಂಗಾಡು ಎಂದು. ಬರಹದಲ್ಲಿ ಬರೀ 'ಹೊಸದುರ್ಗ' ಎಂದರೆ ಯಂತ್ರ ಯಾವುದನ್ನು ಹಿಡಿಯಬೇಕು? 'ಕಾಸರಗೋಡು ಜಿಲ್ಲೆಯ ಹೊಸದುರ್ಗ, ಕಾಞಂಗಾಡು' ಎಂದು ಬರೆದರೆ ಗೊಂದಲವೇ ಇಲ್ಲ. ಹಾಗೆಯೇ ರಾಷ್ಟ್ರಕವಿ, ಮಂಜೇಶ್ವರ ಗೋವಿಂದ ಪೈ, ಎಂ. ಗೋವಿಂದ ಪೈ ಎಂಬಿವು ಒಬ್ಬರದೇ ಹೆಸರುಗಳು. ರಾಷ್ಟ್ರಕವಿ ಎಂದಷ್ಟೇ ಬರೆದರೆ ಕುವೆಂಪು ಅವರೂ ಆಗಬಹುದು, ಜಿ. ಎಸ್. ಶಿವರುದ್ರಪ್ಪನವರೂ ಆಗಬಹುದು. ಗ್ರಂಥಾಲಯದ ಎರಡು ಕಾರ್ಡಿನ ಜಾಣ್ಮೆ ಇಲ್ಲಿ ನೆನಪಾಗುತ್ತದೆ.

ಪಟ್ಟಿ ಹೋಗಿ ಉತ್ತರ ಬಂತು

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಬಳಕೆಗೆ ಬಂತು. 2023ರ ಜುಲೈಯಲ್ಲಿ ಗೂಗಲ್‌ನ ಬಾರ್ಡ್ ಕನ್ನಡ, ಮಲಯಾಳ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉತ್ತರಿಸತೊಡಗಿತು. 2024ರಲ್ಲಿ ಅದರ ಹೆಸರು ಜೆಮಿನಿ ಎಂದಾಯಿತು. ಅದೇ ವರ್ಷ ಗೂಗಲ್ ಶೋಧದ ತಲೆಯ ಮೇಲೂ ಯಂತ್ರ ಬರೆದ ಸಾರಾಂಶಗಳು ಕಾಣಿಸಿಕೊಂಡವು. ಮೊದಲು ಹತ್ತು ಕೊಂಡಿಗಳನ್ನು ನೋಡಿ ನಾವು ಆರಿಸಿಕೊಳ್ಳುತ್ತಿದ್ದೆವು. ಈಗ ಯಂತ್ರವೇ ಓದಿ, ಯಂತ್ರವೇ ಆರಿಸಿ, ಒಂದು ಉತ್ತರ ಹೇಳುತ್ತದೆ. ಹತ್ತನೆಯ ಸ್ಥಾನದಲ್ಲಾದರೂ ಕಾಣಿಸಿಕೊಳ್ಳುವ ಅವಕಾಶ ಕಡಿಮೆಯಾಯಿತು.

ಚಾಟ್‌ಬಾಟ್ ಉತ್ತರಿಸುವುದು ಎರಡು ಬಗೆಯಲ್ಲಿ. ಒಂದು, ತರಬೇತಿಯಲ್ಲಿ ಓದಿದ ಅಪಾರ ಬರಹಗಳಿಂದ ಮನಸ್ಸಿನಲ್ಲಿ ಉಳಿದದ್ದನ್ನು ಹೇಳುವುದು. ಇದು ಪುಸ್ತಕ ಮುಚ್ಚಿ ಪರೀಕ್ಷೆ ಬರೆದಂತೆ. ಇನ್ನೊಂದು, ಕೇಳಿದ ಕೂಡಲೇ ಅಂತರ್ಜಾಲದಲ್ಲಿ ಹುಡುಕಿ, ಸಿಕ್ಕ ಪುಟಗಳನ್ನು ಓದಿ ಹೇಳುವುದು. ಇದು ಪುಸ್ತಕ ತೆರೆದು ಬರೆದಂತೆ. ಎರಡರಲ್ಲೂ ಅದಕ್ಕೆ ಬೇಕಾದದ್ದು ಓದಬಹುದಾದ ಅಕ್ಷರ. ಓದಿದ್ದು ಸಾಲದಾದಾಗ ಅದು ಸುಮ್ಮನಿರುವುದಿಲ್ಲ. ಸರಿಯಾಗಿ ಓದದ ಜಾಣ ಹುಡುಗನಂತೆ ನಂಬುವ ಹಾಗೆ ಏನಾದರೂ ಬರೆದುಬಿಡುತ್ತದೆ. ಹೆಚ್ಚು ಬರಹವಿರುವ ದೊಡ್ಡ ಊರುಗಳ ಬಗ್ಗೆ ಅದು ತಪ್ಪುವುದು ಕಡಿಮೆ. ನಮ್ಮಂಥ ಸಣ್ಣ ಊರುಗಳ ಬಗ್ಗೆ ಹೆಚ್ಚು.

2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಮಲಯಾಳದವರು ಸುಮಾರು 3.48 ಕೋಟಿ. ಆದರೆ ಮಲಯಾಳ ವಿಕಿಪೀಡಿಯದಲ್ಲಿ ಕನ್ನಡದ ಎರಡು ಪಟ್ಟಿಗಿಂತ ಹೆಚ್ಚು ಲೇಖನಗಳಿವೆ. ಕೇರಳದ ಶಾಲೆಗಳಿಗೆಂದೇ 2009ರಲ್ಲಿ ಆರಂಭವಾದ ಸ್ಕೂಲ್ ವಿಕಿಯೂ ಮುಖ್ಯವಾಗಿ ಮಲಯಾಳದ್ದು. ಇದಕ್ಕಾಗಿ ನೆರೆಯವರ ಮೇಲೆ ಮುನಿಸು ಬೇಡ. ಅವರು ಬರೆದರು, ಅದಕ್ಕೇ ಸಿಗುತ್ತಾರೆ. ನಮ್ಮ ಕನ್ನಡ ಶಾಲೆಯ ಬಗ್ಗೆ ಕನ್ನಡದಲ್ಲಿ ಪುಟವಿಲ್ಲದಿದ್ದರೆ ಯಂತ್ರ ಮಲಯಾಳದ ಅಥವಾ ಇಂಗ್ಲಿಷಿನ ಪುಟ ಓದಿ, ಊರಿನ ಹೆಸರನ್ನು ಅಲ್ಲಿದ್ದಂತೆಯೇ ಕನ್ನಡಕ್ಕೆ ತಿರುಗಿಸಿ ನಮ್ಮ ಮಕ್ಕಳಿಗೆ ಹೇಳುತ್ತದೆ. ಮಕ್ಕಳು ಅದನ್ನೇ ಕಾಪಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ.

ಇಲ್ಲೂ ಉಪಾಯಗಾರರು ಬಂದಿದ್ದಾರೆ. ಎಸ್‌ಇಒ ಜೊತೆಗೆ ಈಗ ಜಿಇಒ ಎಂಬ ಹೊಸ ಹೆಸರು ಕೇಳಿಬರುತ್ತಿದೆ. ಈ ಹೆಸರನ್ನು 2023ರ ನವೆಂಬರಿನಲ್ಲಿ ಮುಂದಿಟ್ಟವರು ಅಮೆರಿಕದ ಪ್ರಿನ್ಸ್‌ಟನ್, ನಮ್ಮ ದಿಲ್ಲಿಯ ಐಐಟಿ ಮೊದಲಾದೆಡೆಯ ಸಂಶೋಧಕರು. ಬರಹಕ್ಕೆ ಮೂಲಗಳ ಉಲ್ಲೇಖ, ಬಲ್ಲವರ ಮಾತು, ಅಂಕಿಅಂಶ ಸೇರಿಸಿದಾಗ ಯಂತ್ರದ ಉತ್ತರದಲ್ಲಿ ಅದು ಕಾಣಿಸಿಕೊಳ್ಳುವ ಪ್ರಮಾಣ ಶೇಕಡಾ 40ರವರೆಗೂ ಹೆಚ್ಚಿತು ಎಂದು ಅವರು ಕಂಡುಕೊಂಡರು. ಪದ ತುರುಕುವ ಹಳೆಯ ಉಪಾಯ ಫಲ ಕೊಡಲಿಲ್ಲ. ಒಳ್ಳೆಯ ಉತ್ತರಪತ್ರಿಕೆಯಲ್ಲಿ ನಾವು ಅಧ್ಯಾಪಕರು ಹುಡುಕುವುದೂ ಇದನ್ನೇ ಅಲ್ಲವೇ?

ನಮ್ಮ ಶಾಲೆಗಳಲ್ಲಿ ಆಗಬೇಕಾದದ್ದು

ಇಷ್ಟು ಚರಿತ್ರೆಯಿಂದ ನಮಗೆ ಸಿಗುವ ಕೆಲಸದ ಪಟ್ಟಿ ಸಣ್ಣದು, ಖರ್ಚೂ ಇಲ್ಲ.

ಮೊದಲನೆಯದು, ಹಳೆಯ ಸ್ಮರಣ ಸಂಚಿಕೆಗಳನ್ನು ಯೂನಿಕೋಡಿಗೆ ತರುವುದು. ಹಳೆಯ ಫಾಂಟಿನ ಕಡತಗಳನ್ನು ಬದಲಾಯಿಸುವ ಉಚಿತ ತಂತ್ರಾಂಶಗಳಿವೆ. ಫೋಟೋದಿಂದ ಅಕ್ಷರ ಎತ್ತುವ ತಂತ್ರಾಂಶವೂ ಇದೆ. ಆದರೆ ಒತ್ತಕ್ಷರಗಳಲ್ಲಿ ತಪ್ಪು ಬರುವುದರಿಂದ ಒಬ್ಬರು ಕುಳಿತು ತಿದ್ದಲೇಬೇಕು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಾಗುಣಿತ ಪಾಠ ಬೇರೆ ಬೇಕಿಲ್ಲ.

ಎರಡನೆಯದು, ಶಾಲೆಯ ಪುಟಕ್ಕೆ 'ಮುಖಪುಟ', 'ಸುಸ್ವಾಗತ' ಎಂದಷ್ಟೇ ತಲೆಬರಹ ಕೊಡದೆ ಶಾಲೆಯ ಪೂರ್ಣ ಹೆಸರು, ಊರು, ಉಪಜಿಲ್ಲೆ, ಜಿಲ್ಲೆ ಬರೆಯುವುದು. ಮೊದಲ ನಾಲ್ಕು ವಾಕ್ಯಗಳಲ್ಲೇ ಸ್ಥಾಪನೆಯ ವರ್ಷ, ಇರುವ ತರಗತಿಗಳು, ಕಲಿಕೆಯ ಮಾಧ್ಯಮ ಬರಬೇಕು. ಹೆತ್ತವರು ಕೇಳುವ ಪ್ರಶ್ನೆಗಳನ್ನೇ ಉಪಶೀರ್ಷಿಕೆ ಮಾಡಿ ಕೆಳಗೆ ಉತ್ತರ ಬರೆದರೆ ಜನರಿಗೂ ಅನುಕೂಲ, ಯಂತ್ರಕ್ಕೂ ಅನುಕೂಲ. ಊರಿಗಿರುವ ಬೇರೆ ಹೆಸರುಗಳನ್ನು ಒಮ್ಮೆ ಹೇಳಿ, ಉಳಿದೆಡೆ ನಮ್ಮ ಹೆಸರನ್ನೇ ಬಳಸೋಣ.

ಮೂರನೆಯದು, ಮೂಲ ಮತ್ತು ದಿನಾಂಕ. ಯಾವ ದಾಖಲೆಯಿಂದ ತಿಳಿಯಿತು, ಯಾವ ಹಿರಿಯರು ಹೇಳಿದರು, ಯಾವ ವರ್ಷ ಬರೆದದ್ದು ಎಂಬುದಿರಲಿ. ಫೋಟೋದ ಕೆಳಗೆ ಅದರ ವಿವರ ಅಕ್ಷರದಲ್ಲಿರಲಿ. ಹತ್ತಿರದ ಕನ್ನಡ ಶಾಲೆಗಳು ಒಂದರ ಪುಟಕ್ಕೆ ಇನ್ನೊಂದು ಕೊಂಡಿ ಕೊಡಲಿ.

ನಾಲ್ಕನೆಯದು ಎಚ್ಚರಿಕೆ. ಮಕ್ಕಳ ವಿಳಾಸ, ಫೋನ್ ಸಂಖ್ಯೆ, ಜನ್ಮದಿನಾಂಕ ಇವನ್ನು ಎಂದಿಗೂ ಹಾಕಬಾರದು. ಯಂತ್ರ ಒಮ್ಮೆ ಓದಿದ್ದನ್ನು ಮರೆಸುವುದು ಸುಲಭವಲ್ಲ. ತಾಣದ ಯಾವ ಭಾಗವನ್ನು ಓದಬಾರದು ಎಂದು ಯಂತ್ರಗಳಿಗೆ ಹೇಳುವ 'ರೋಬೋಟ್ಸ್' ಎಂಬ ಕಡತದ ಪದ್ಧತಿ 1994ರಿಂದ ಇದೆ. ಆದರೆ ಅದು ಬಾಗಿಲಿನ ಮೇಲಿನ ಸೂಚನಾಫಲಕ ಇದ್ದಂತೆ, ಬೀಗವಲ್ಲ.

ಊರಿನ ಹಿರಿಯರ ನೆನಪಿನಲ್ಲಿರುವುದು ಇನ್ನೂ ಸಂಚಿಕೆಗಳಿಗೂ ಬಂದಿಲ್ಲ. ಶಾಲೆಯ ಮೊದಲ ತಂಡಗಳಲ್ಲಿ ಕಲಿತವರಲ್ಲಿ ಹಲವರಿಗೆ ಎಂಬತ್ತು ದಾಟಿದೆ. ಯಂತ್ರಗಳು ಮುಂದೆಯೂ ಬದಲಾಗುತ್ತವೆ, ಅದಕ್ಕೆ ಅವಸರವಿಲ್ಲ. ಅವಸರವಿರುವುದು ಈ ಹಿರಿಯರ ಹತ್ತಿರ ಹೋಗಿ ಕುಳಿತು ಕೇಳಿ ಬರೆದುಕೊಳ್ಳುವುದಕ್ಕೆ. ಈ ಬೇಸಗೆ ರಜೆಯಲ್ಲಿ ಪ್ರತಿ ಕನ್ನಡ ಶಾಲೆಯೂ ತನ್ನ ಚರಿತ್ರೆಯ ಎರಡು ಪುಟವನ್ನಾದರೂ ಯೂನಿಕೋಡ್ ಕನ್ನಡದಲ್ಲಿ ಬರೆಯಲಿ ಎಂದು ಅಧ್ಯಾಪಕ ಮಿತ್ರರಲ್ಲಿ, ಹೆತ್ತವರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ.